ಕತ್ತರಿಸದ ಪ್ರತಿ

ಜೂನ್ 14, ಶನಿವಾರ. ಗಿರಾವೀನ್, ಸಿಡ್ನಿ

ಬೆಳಿಗ್ಗೆ ಕಂಪ್ಯೂಟರ್ ಏಳಲಿಲ್ಲ. ಕಪ್ಪು ಪರದೆ, ಅದರ ಮೇಲೆ ಡಿಸ್ಕ್ ಸಿಗುತ್ತಿಲ್ಲ ಎಂಬರ್ಥದ ಒಂದೇ ಸಾಲು. ಆಫ್ ಮಾಡಿ ಆನ್ ಮಾಡಿದೆ. ಅದೇ ಸಾಲು. ಒಳಗೆ ಟಿಕ್ ಟಿಕ್ ಎಂಬ ಸದ್ದು, ಯಾರೋ ಉಗುರಿನಿಂದ ಡಬ್ಬಿ ಬಡಿಯುವ ಹಾಗೆ. ಮಧ್ಯಾಹ್ನದವರೆಗೆ ಆಫ್ ಆನ್ ಮಾಡುತ್ತಲೇ ಇದ್ದೆ.

ದಾಖಲೆಗೆ ಇರಲಿ: ಅದರಲ್ಲಿ ನಮ್ಮ ಕಮ್ಯುನಿಟಿ ರೇಡಿಯೋದ ಕನ್ನಡ ಕಾರ್ಯಕ್ರಮದ ಹನ್ನೊಂದು ವರ್ಷದ ಧ್ವನಿಮುದ್ರಣಗಳಿವೆ. ಪ್ರತಿ ಭಾನುವಾರ ಅರ್ಧ ಗಂಟೆಯ ಕಾರ್ಯಕ್ರಮ. ವಾರದ ದಿನಗಳಲ್ಲಿ ನಾನು ಕೌನ್ಸಿಲ್‌ನಲ್ಲಿ, ಅಂದರೆ ಇಲ್ಲಿನ ನಗರಸಭೆಯಲ್ಲಿ, ಮಳೆನೀರಿನ ಚರಂಡಿಗಳ ಎಂಜಿನಿಯರ್. ಸಂಜೆ ಎಡಿಟಿಂಗ್. ಒಂದು ಗಂಟೆ ಮಾತಾಡಿದವರನ್ನು ಹನ್ನೆರಡು ನಿಮಿಷಕ್ಕೆ ತರಬೇಕು. ಕೆಮ್ಮು, ನಗು, "ಅದೇನಪ್ಪಾ ಅಂದ್ರೆ" ಇವನ್ನೆಲ್ಲ ತೆಗೆದರೆ ಯಾರದ್ದೇ ಆಗಲಿ, ಉಳಿಯುವುದು ಹನ್ನೆರಡು ನಿಮಿಷವೇ. ಇದು ನನ್ನ ಅನುಭವ.

ಇವತ್ತು ಎಡಿಟಿಂಗ್ ಇಲ್ಲದ್ದರಿಂದ ಇದನ್ನು ಬರೆಯುತ್ತಿದ್ದೇನೆ. ಗಾಬರಿಯೇನಿಲ್ಲ. ಪ್ರತಿ ತಿಂಗಳೂ ಬ್ಯಾಕಪ್ ತೆಗೆದಿದ್ದೇನೆ.

ಹೆಂಡತಿ ಅನಸೂಯ ಏನೋ ಹೇಳಿದಳು. ಮುಖ್ಯವಾದದ್ದಲ್ಲ.

ಜೂನ್ 15, ಭಾನುವಾರ

ಪೆಂಡಲ್ ಹಿಲ್‌ನ ಇಂದ್ರೇಶ್ ಫೋನ್ ಮಾಡಿದ್ದ. ಇಲ್ಲೇ ಹುಟ್ಟಿ ಬೆಳೆದವನು. ಮನೆಯಲ್ಲಿ ಕಲಿತ ಹುಬ್ಬಳ್ಳಿ ಕನ್ನಡಕ್ಕೆ ಇಂಗ್ಲಿಷ್ ಬೆರೆಸಿ ಮಾತಾಡುತ್ತಾನೆ. ಅವನ ತಂದೆ ಚನ್ನಮಲ್ಲಪ್ಪನವರು ಹೋದ ಜುಲೈನಲ್ಲಿ ತೀರಿಕೊಂಡರು. ವರ್ಷದ ಪುಣ್ಯಸ್ಮರಣೆ ಮುಂದಿನ ತಿಂಗಳು ಇಪ್ಪತ್ತಾರಕ್ಕೆ. 2019ರಲ್ಲಿ ನಾವು ಅವರ ಸಂದರ್ಶನ ಮಾಡಿದ್ದೆವು.

"ಅಂಕಲ್, ಆ ರೇಡಿಯೋ ಇಂಟರ್‌ವ್ಯೂ ಇರಬೇಕಲ್ಲ ನಿಮ್ಮ ಹತ್ರ? ಅವ್ವ ಕೇಳಾಕತ್ತಾಳ. ನಮ್ಮ ಕಡೆ ಅಪ್ಪನ ವಾಯ್ಸ್ ಇಲ್ಲs ಇಲ್ಲ."

"ವಿಡಿಯೋಗಳು ಇರಬೇಕಲ್ಲ?"

"ಬೇಕಾದಷ್ಟು. ಎಲ್ಲಾದ್ರಾಗೂ ಅಪ್ಪನs ಕ್ಯಾಮೆರಾ ಹಿಡಿದಾನ. ಹಿ ನೆವರ್ ಸೇಸ್ ಅ ವರ್ಡ್."

"ಐದು ನಿಮಿಷದ ಕೆಲಸ, ಕಳಿಸ್ತೀನಿ," ಎಂದೆ. ಕಂಪ್ಯೂಟರಿನ ವಿಷಯ ಅವನು ಕೇಳಲಿಲ್ಲ, ನಾನು ಹೇಳಲಿಲ್ಲ.

ಜೂನ್ 21, ಶನಿವಾರ

ಕಂಪ್ಯೂಟರನ್ನು ತೇಜಸ್‌ಗೆ ತೋರಿಸಿದೆ. ಮೈಸೂರಿನಿಂದ ಓದಲು ಬಂದು ಪಿಆರ್ ಪಡೆದು ಇಲ್ಲೇ ನೆಲೆಸಿದವನು. ವಾರವಿಡೀ ಯಾವುದೋ ಆಫೀಸಿನಲ್ಲಿ ಐಟಿ ಕೆಲಸ, ಶನಿವಾರ ಪೆಂಡಲ್ ಹಿಲ್‌ನ ದಿನಸಿ ಅಂಗಡಿಯೊಂದರ ಹಿಂಭಾಗದಲ್ಲಿ ರಿಪೇರಿ. ಅಲ್ಲಿ ಕಂಪ್ಯೂಟರುಗಳೂ ಇಂಗಿನ ವಾಸನೆ ಹೊಡೆಯುತ್ತವೆ.

ಡಿಸ್ಕನ್ನು ಕಿವಿಗೆ ಹಿಡಿದು ಕೇಳಿದ. "ಆಗುತ್ತೆ ಅಂಕಲ್, ಡೋಂಟ್ ವರಿ. ಬ್ಯಾಕಪ್ ಇದೆಯಾ?"

ನನ್ನ ಎಕ್ಸ್‌ಟರ್ನಲ್ ಡ್ರೈವ್ ಕೊಟ್ಟೆ. ಸ್ವಲ್ಪ ಹೆಮ್ಮೆಯಿಂದಲೇ ಕೊಟ್ಟೆ ಎನ್ನಬೇಕು. ಅವನು ಚುಚ್ಚಿ, ತೆರೆದು, ಪರದೆಯನ್ನು ನನ್ನ ಕಡೆ ತಿರುಗಿಸಿದ.

"ಅಂಕಲ್, ಇದು ಶಾರ್ಟ್‌ಕಟ್."

"ಅಂದ್ರೆ?"

"ಫೋಲ್ಡರ್ ಅಲ್ಲ. ಫೋಲ್ಡರ್ ಎಲ್ಲಿದೆ ಅಂತ ತೋರಿಸೋ ಗುರುತು. ಮೂಲೇಲಿ ಪುಟ್ಟ ಬಾಣ ಇದೆ ನೋಡಿ. ನೀವು ಡೆಸ್ಕ್‌ಟಾಪಿಂದ ಇದನ್ನೇ ಎಳೆದು ಹಾಕ್ತಾ ಬಂದಿದೀರ."

"ಎಲ್ಲಾ ತಿಂಗಳೂ?"

"ಎಲ್ಲಾ ತಿಂಗಳೂ ಅಂಕಲ್. ತುಂಬಾ ನೀಟಾಗಿ ಹೆಸರು ಬೇರೆ ಕೊಟ್ಟಿದೀರ."

ನಾಲ್ಕು ವರ್ಷ ನಾನು ಬಾಣಗಳನ್ನು ಜೋಪಾನ ಮಾಡಿದ್ದೇನೆ. ಎಲ್ಲವೂ ಸತ್ತ ಡಿಸ್ಕಿನ ಕಡೆಗೇ ತಿರುಗಿವೆ. ಬ್ಯಾಕಪ್ ಕಣ್ಣುಮುಚ್ಚಿ ತೆರೆಯುವುದರಲ್ಲಿ ಮುಗಿಯುತ್ತಿತ್ತು. ಡ್ರೈವ್ ಒಳ್ಳೆಯದು, ಅದಕ್ಕೇ ಎಂದುಕೊಂಡಿದ್ದೆ.

ಡಿಸ್ಕನ್ನು ಲ್ಯಾಬಿಗೆ ಕಳಿಸೋಣ ಎಂದ. ಹೂಂ ಎಂದೆ.

ಜೂನ್ 22, ಭಾನುವಾರ

ಸಂದರ್ಶನದ ಬದಲು ಹಾಡು ಹಾಕಿದೆ. ಕಾರ್ಯಕ್ರಮ ಚೆನ್ನಾಗಿತ್ತು ಎಂದು ಇಬ್ಬರು ಮೆಸೇಜ್ ಕಳಿಸಿದರು. ಸಾಮಾನ್ಯವಾಗಿ ಒಬ್ಬರೂ ಕಳಿಸುವುದಿಲ್ಲ.

ಜೂನ್ 24, ಮಂಗಳವಾರ

ಏನೂ ಇಲ್ಲ.

ಜುಲೈ 2, ಬುಧವಾರ

ಲ್ಯಾಬಿನವರು ಕೈಚೆಲ್ಲಿದರಂತೆ. ಡಿಸ್ಕಿನ ತಟ್ಟೆಗಳ ಮೇಲೆ ಗೀರು ಬಿದ್ದಿದೆ. "ಅದು ಸದ್ದು ಮಾಡ್ತಿರೋವಾಗ ಮತ್ತೆ ಮತ್ತೆ ಆನ್ ಮಾಡಿದ್ರಾ ಅಂಕಲ್?" ಎಂದು ತೇಜಸ್ ಕೇಳಿದ. ಒಂದೆರಡು ಸಲ ಎಂದೆ.

ಸ್ಟೇಷನ್ನಿಗೂ ಫೋನ್ ಮಾಡಿ ನೋಡಿದೆ. ಪ್ರಸಾರವಾದದ್ದನ್ನು ಅವರು ಕೆಲವೇ ವಾರ ಇಟ್ಟು ಅಳಿಸುತ್ತಾರೆ. ಅದೂ ಸರಿಯೇ. ಎಲ್ಲರ ಮಾತನ್ನೂ ಇಟ್ಟುಕೊಳ್ಳಲು ಯಾರಿಗೆ ಜಾಗವಿದೆ.

ಊಟ ಸೇರಲಿಲ್ಲ. ಅನಸೂಯ ಏನಾಯಿತೆಂದು ಕೇಳಿದಳು. ಅಸಿಡಿಟಿ ಎಂದೆ.

ಜುಲೈ 5, ಶನಿವಾರ

ಪೆಂಡಲ್ ಹಿಲ್‌ಗೆ ತೊಗರಿಬೇಳೆ ತರಲು ಹೋಗಿದ್ದೆ. ತರಕಾರಿಗಳ ಹತ್ತಿರ ಇಂದ್ರೇಶ್, ಜೊತೆಗೆ ಅವನ ತಾಯಿ ಶಿವಲಿಂಗವ್ವನವರು. ಎಂಬತ್ತು ದಾಟಿದೆ. ಶಾಪಿಂಗ್ ಟ್ರಾಲಿಯನ್ನೇ ಊರುಗೋಲು ಮಾಡಿಕೊಂಡು ಹೂಕೋಸುಗಳನ್ನು ಒಂದೊಂದಾಗಿ ತಿರುಗಿಸಿ ನೋಡುತ್ತಿದ್ದರು. ಹಿಂದೆ ಸರಿಯುವಷ್ಟರಲ್ಲಿ ಕಂಡುಬಿಟ್ಟೆ.

"ಸಿಕ್ಕಿತೇನಪಾ?"

"ಹುಡುಕ್ತಾ ಇದೀನಮ್ಮ. ತುಂಬಾ ಇದಾವಲ್ಲ."

ನನ್ನ ಮುಖವನ್ನೂ ಹೂಕೋಸಿನ ಹಾಗೆಯೇ ನೋಡಿದರು. "ಕಳದಿದ್ರ ಕಳದೈತಿ ಅನ್ನಪಾ. ನಾ ಏನ ಅಳೂದಿಲ್ಲ. ಕಾಯೂದೊಂದು ತಪ್ಪತೈತಿ."

"ಇಲ್ಲಮ್ಮ. ಇದೆ," ಎಂದೆ.

ಇಂದ್ರೇಶ್ "ನೋ ರಶ್, ಅಂಕಲ್" ಎಂದ. ನಾನು ಬೇಡದಿದ್ದರೂ ಎರಡು ಹೂಕೋಸು ತಗೊಂಡೆ. ತೊಗರಿಬೇಳೆ ಮರೆತೆ.

ಮನೆಗೆ ಬಂದು ಅನಸೂಯಗೆ ಎಲ್ಲವನ್ನೂ ಹೇಳಿದೆ. ಬಾಣದ ವಿಷಯಕ್ಕೆ ಅವಳು ನಗುತ್ತಾಳೆ ಎಂದುಕೊಂಡಿದ್ದೆ. ನಗಲಿಲ್ಲ. "ಶ್ರೀದೇವೀನ ಕೇಳಿ," ಎಂದಳು.

ದಾಖಲೆಗೆ: ಧಾರವಾಡದ ಶ್ರೀದೇವಿಯವರು ಎಂಟು ವರ್ಷ ನನ್ನ ಜೊತೆ ಕಾರ್ಯಕ್ರಮ ನಡೆಸಿದರು. ಅವರು ಪ್ರಶ್ನೆ ಕೇಳುವುದು, ನಾನು ಕತ್ತರಿಸುವುದು. ರೆಕಾರ್ಡರ್ ಅವರದ್ದೇ. ಮೂರು ವರ್ಷದ ಹಿಂದೆ ಕಾರ್ಯಕ್ರಮ ಬಿಟ್ಟು ಗಂಡನ ಕೆಲಸದ ನಿಮಿತ್ತ ಮೆಲ್ಬರ್ನಿಗೆ ಹೋದರು. ಮನಸ್ತಾಪವೇನೂ ಆಗಿಲ್ಲ. ಆಮೇಲೆ ಮಾತಾಡಿಲ್ಲ, ಅಷ್ಟೇ.

"ಅವರು ಮೆಲ್ಬರ್ನಿಗೆ ಹೋಗೋಕೆ ನಾಲ್ಕು ತಿಂಗಳು ಮುಂಚೇನೇ ಬಿಟ್ಟಿದ್ರು," ಎಂದಳು ಅನಸೂಯ.

ಇರಬಹುದು.

ಜುಲೈ 8, ಮಂಗಳವಾರ

ಭಾನುವಾರ ಶ್ರೀದೇವಿಯವರಿಗೆ ಫೋನ್ ಮಾಡಿದ್ದೆ. ತೆಗೆಯಲಿಲ್ಲ. ಮೆಸೇಜ್ ಬರೆದೆ. ಮೊದಲು ಉದ್ದವಾಯಿತು; ಕ್ಷೇಮಸಮಾಚಾರ ಇತ್ಯಾದಿ ತೆಗೆದು ಒಂದು ಸಾಲಿಗೆ ತಂದೆ: "ಚನ್ನಮಲ್ಲಪ್ಪ ಇಂಟರ್‌ವ್ಯೂ ಕಾಪಿ ಇದೆಯಾ?"

ಇವತ್ತು ಉತ್ತರ ಬಂತು. "ಐತಿ. ಬಂದು ತಗೊಂಡ ಹೋಗ್ರಿ."

"ಅಪ್‌ಲೋಡ್ ಮಾಡಬಹುದಲ್ಲ," ಎಂದು ಬರೆದೆ.

"ಬರಬಹುದಲ್ಲ," ಎಂದು ಬಂತು.

ಶನಿವಾರದ ಫ್ಲೈಟ್ ಬುಕ್ ಮಾಡಿದ್ದೇನೆ. ಬೆಳಿಗ್ಗೆ ಹೋಗಿ ಸಂಜೆ ವಾಪಸ್. ಫೈಲ್ ತಗೊಳ್ಳಲು ಅರ್ಧ ಗಂಟೆ ಸಾಕು.

ಜುಲೈ 12, ಶನಿವಾರ. ಕ್ಲೈಡ್ ನಾರ್ತ್, ಮೆಲ್ಬರ್ನ್

ಸಂಜೆ ವಾಪಸ್ ಹೋಗಲಾಗಲಿಲ್ಲ. ಶ್ರೀದೇವಿಯವರ ಮನೆಯ ಗೆಸ್ಟ್ ರೂಮಿನಲ್ಲಿ ಕೂತು ಬರೆಯುತ್ತಿದ್ದೇನೆ. ಕಾರಣ ತಾಂತ್ರಿಕವಾದದ್ದು, ಮುಂದೆ ಬರೆಯುತ್ತೇನೆ.

ಏರ್‌ಪೋರ್ಟಿನಿಂದ ಬಸ್ಸು, ಆಮೇಲೆ ಕ್ರ್ಯಾನ್‌ಬರ್ನ್ ರೈಲು ಕೊನೆಯ ಸ್ಟೇಷನ್ನಿನವರೆಗೆ, ಆಮೇಲೆ ಮತ್ತೆ ಬಸ್ಸು. ವಿಮಾನದಲ್ಲಿ ಕೂತದ್ದಕ್ಕಿಂತ ಹೆಚ್ಚು ಹೊತ್ತು ಇದಕ್ಕೇ ಹಿಡಿಯಿತು. ಎಲ್ಲ ಮನೆಗಳೂ ಹೊಸವು, ಮರಗಳು ಇನ್ನೂ ಕೋಲಿಗೆ ಕಟ್ಟಿಸಿಕೊಂಡು ನಿಂತಿವೆ. ರಸ್ತೆಗೆ ಇಳಿಜಾರು ಸಾಲದು. ಜೋರು ಮಳೆ ಬಂದರೆ ಅವರ ಮನೆಯ ಮೂಲೆಯಲ್ಲಿ ನೀರು ನಿಲ್ಲುತ್ತದೆ. ಬಾಗಿಲು ತೆರೆದ ಕೂಡಲೇ ಅದನ್ನೇ ಹೇಳಿದೆ.

"ನಿಲ್ಲತೈತಿ," ಎಂದರು ಶ್ರೀದೇವಿಯವರು. "ಬರ್ರಿ ಒಳಗ. ಮೂರು ವರ್ಷ ಆದ ಮ್ಯಾಲೆ ಚರಂಡಿ ಸುದ್ದಿ ತಂದ್ರಿ."

ಕೂದಲು ಬೆಳ್ಳಗಾಗಿದೆ, ಬಣ್ಣ ಹಚ್ಚುವುದನ್ನು ಬಿಟ್ಟಿದ್ದಾರೆ. ಇಲ್ಲೊಂದು ಚೈಲ್ಡ್‌ಕೇರ್‌ನಲ್ಲಿ ಕೆಲಸ. ಗಂಡ ವಿರುಪಾಕ್ಷ ಶಿಫ್ಟಿಗೆ ಹೋಗಿದ್ದರು. ಟಿವಿಯ ಕೆಳಗಿನ ಡ್ರಾವರ್ ಎಳೆದು ಒಂದು ಡ್ರೈವ್ ತೆಗೆದು ಲ್ಯಾಪ್‌ಟಾಪಿಗೆ ಚುಚ್ಚಿದರು. ಚನ್ನಮಲ್ಲಪ್ಪನವರದ್ದಷ್ಟೇ ಅಲ್ಲ, ಎಂಟು ವರ್ಷದ ಎಲ್ಲವೂ ಇತ್ತು. ಬಾಣಗಳಿವೆಯೇ ಎಂದು ಬಗ್ಗಿ ನೋಡಿದೆ. ಇರಲಿಲ್ಲ.

"ಇವೆಲ್ಲ ನಿಮ್ಮ ಹತ್ರ ಹೇಗೆ?"

"ರೆಕಾರ್ಡರಿನ ಕಾರ್ಡ್ ನಿಮಗ ಕೊಡೂಕಿಂತ ಮೊದಲ ಒಂದ ಕಾಪಿ ಮಾಡಿ ಇಟ್ಗೊತಿದ್ದೆ."

"ಯಾಕೆ?"

"ನಿಮಗ ಕೊಟ್ಟಿದ್ದು ಇಡಿಯಾಗಿ ವಾಪಸ್ ಬರತಿರ್ಲಿಲ್ಲಲ್ರಿ."

ಫೈಲ್ ಉದ್ದವಾಗಿತ್ತು, ಒಂದು ಗಂಟೆಗೂ ಹೆಚ್ಚು. ನಾನು ಪ್ರಸಾರ ಮಾಡಿದ್ದು ಹನ್ನೆರಡು ನಿಮಿಷ: ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪ್, 1978ರಲ್ಲಿ ಸಿಡ್ನಿ, ಅಲ್ಲಿನ ರೈಲು ಬೋಗಿ ಕಾರ್ಖಾನೆ, ಕನ್ನಡಿಗರಿಗೆ ಸಂದೇಶ. ಆ ಹನ್ನೆರಡು ನಿಮಿಷ ಇದರಲ್ಲಿ ಬಿಡಿಬಿಡಿಯಾಗಿ ಎಲ್ಲೆಲ್ಲೋ ಹರಡಿಕೊಂಡಿದೆ. ಅವನ್ನು ಆರಿಸಿ ಮತ್ತೆ ಜೋಡಿಸಿಕೊಳ್ಳಬಹುದು ಎಂದೆ.

"ಜೋಡಿಸ್ರಿ. ಕತ್ತರಿಸಬ್ಯಾಡ್ರಿ ಅಂತ ನಾ ಹೇಳೂದಿಲ್ಲ. ಹೇಳಿದ್ರ ಕೇಳೂ ಪೈಕಿ ಅಲ್ಲ ನೀವು." ಗಿರಮಿಟ್ ತುಂಬಿದ ಬಟ್ಟಲನ್ನು ನನ್ನ ಮುಂದಿಟ್ಟರು. "ನೀವು ನನ್ನ ಪ್ರಶ್ನೆ ಎಲ್ಲಾ ತೆಗೀತಿದ್ರಿ, ಸಂಪತ್ ಅವ್ರ. ರೇಡಿಯೋದಾಗ ಜನಾ ತಮ್ಮಷ್ಟಕ್ಕ ತಾವs ಮಾತಾಡತಿದ್ರು, ಹುಚ್ಚರಂಗ."

"ಸಮಯ ಉಳೀತಿತ್ತು."

"ಉಳದಿದ್ದೆಲ್ಲಾ ಎಲ್ಲೈತಿ?"

ನನ್ನ ಬಾಯಲ್ಲಿ ಗಿರಮಿಟ್ ಇತ್ತು.

ಒಂದೇ ಫೈಲ್ ಸಾಕು ಎಂದೆ. ಎಲ್ಲವನ್ನೂ ಒಯ್ಯಿರಿ, ಒಂದೇ ಮನೆಯಲ್ಲಿದ್ದರೆ ಏನಾಗುತ್ತದೆ ಎಂದು ಈಗ ಗೊತ್ತಾಯಿತಲ್ಲ ಎಂದರು. ನಾನು ತಂದಿದ್ದ ಹೊಸ ಡ್ರೈವಿಗೆ ಕಾಪಿ ಹಚ್ಚಿದರು. ಎರಡು ಗಂಟೆ ಎಂದು ತೋರಿಸಿತು. ಸ್ವಲ್ಪ ಹೊತ್ತಿಗೆ ಐದು ಗಂಟೆ ಎಂದಿತು, ಆಮೇಲೆ ಮೂರು, ಮತ್ತೆ ಆರು. ಹೀಗೆ ಫ್ಲೈಟ್ ತಪ್ಪಿತು.

ಕಾಯುತ್ತ ಕೂತಾಗ ಅವರು ಚನ್ನಮಲ್ಲಪ್ಪನವರನ್ನು ಹಾಕಿದರು. ಮೊದಲು ಕುರ್ಚಿ ಎಳೆದ ಸದ್ದು, ಚಮಚದ ಸದ್ದು. ಬಂದ ದಿನ ಏನು ಉಂಡಿರಿ ಎಂದು ಶ್ರೀದೇವಿಯವರ ಧ್ವನಿ ಕೇಳುತ್ತದೆ.

"ಏನ ಉಣ್ಣೂದವಾ, ಬ್ರೆಡ್ಡು," ಎನ್ನುತ್ತಾರೆ ಅಜ್ಜ.

ದೂರದಿಂದ, ಅಡಿಗೆಮನೆಯಿಂದ, ಶಿವಲಿಂಗವ್ವನವರ ಧ್ವನಿ: "ಸುಳ್ಳ ಹೇಳಬ್ಯಾಡ್ರಿ! ನಾ ಕಟ್ಟಿದ ರೊಟ್ಟಿ ಏನಾತು?"

"ಹಾಂ, ರೊಟ್ಟಿ. ಏರ್‌ಪೋರ್ಟಿನ್ಯಾಗ ಆಫೀಸರ ಗಂಟು ಬಿಚ್ಚಿಸಿದ. ಖಡಕ್ ರೊಟ್ಟಿ ನೋಡವಾ, ಬಡದು ನೋಡಿದ. ಟಣ್ ಅಂತು. ಕಟಕ್ ಅಂತ ಮುರದ. ವಾಟ್ ಈಸ್ ದಿಸ್ ಮಟೀರಿಯಲ್ ಅಂದ. ನಂಗ ಆಗ ಇಂಗ್ಲಿಷ್ ಅಷ್ಟಕ್ಕಷ್ಟ. ಹ್ಯಾಂಡ್‌ಮೇಡ್ ಅಂದೆ. ಸ್ಯಾಂಪಲ್ ಅನ್ಕೊಂಡು ಬಿಟ್ಟಬಿಟ್ಟ."

ಅಡಿಗೆಮನೆಯಿಂದ: "ಆಮ್ಯಾಲೆ ಹದಿನೈದ ದಿನಾ ಅದನ್ನs ತಿಂದಾರ! ಬ್ರೆಡ್ಡಂತ ಬ್ರೆಡ್ಡು!"

ರೆಕಾರ್ಡಿಂಗಿನಲ್ಲಿ ಶ್ರೀದೇವಿಯವರು ನಗುತ್ತಾರೆ. ನನ್ನ ಎದುರಿಗೆ ಕೂತವರೂ ನಕ್ಕರು. ನನಗೂ ನಗು ಬಂದು ಕಣ್ಣಲ್ಲಿ ನೀರಾಡಿತು. ಇದನ್ನು ನಾನು ಒಮ್ಮೆ ಕೇಳಿದ್ದೇನೆ, ಕೇಳಿಯೇ ತೆಗೆದಿರಬೇಕು. ಆಗ ಯಾಕೆ ನಗು ಬರಲಿಲ್ಲವೋ. ಗಡಿಬಿಡಿಯಲ್ಲಿದ್ದೆನೋ ಏನೋ.

ಕೊನೆಯವರೆಗೆ ಕೇಳಲಾಗಲಿಲ್ಲ. ವಿರುಪಾಕ್ಷ ಬಂದರು, ಊಟಕ್ಕೆ ಎಬ್ಬಿಸಿದರು. ಊಟದಲ್ಲಿ ಮೂಲೆಯ ನೀರಿನ ವಿಷಯ ಮತ್ತೆ ಬಂತು. ಕೌನ್ಸಿಲ್ಲಿಗೆ ಏನೆಂದು ಬರೆಯಬೇಕು ಎಂದು ಅವರಿಗೆ ಹೇಳಿಕೊಟ್ಟೆ. ಅವರ ಅಣ್ಣ ಬೆಳಗಾವಿಯಲ್ಲಿ ಬಾವಿ ತೋಡಿಸಿದ್ದು, ನೀರು ಬರದೆ ಅದರಲ್ಲೊಂದು ಮುಂಗುಸಿ ಸಂಸಾರ ಹೂಡಿದ್ದು, ಅದನ್ನೆಲ್ಲ ಹೇಳಿದರು. ಆ ಮುಂಗುಸಿಗೆ ಮೂರು ಮರಿಗಳಂತೆ.

ಜುಲೈ 13, ಭಾನುವಾರ. ಗಿರಾವೀನ್

ಮನೆ ಸೇರಿದೆ. ಡ್ರೈವನ್ನು ಕೈಚೀಲದಲ್ಲಿಟ್ಟು ತೊಡೆಯ ಮೇಲೆ ಇಟ್ಟುಕೊಂಡೇ ಬಂದೆ. ಪಕ್ಕದ ಸೀಟಿನಾತ ಎರಡು ಸಲ ಅದನ್ನು ನೋಡಿದ.

ಇಂದ್ರೇಶ್‌ಗೆ ಫೋನ್ ಮಾಡಿ ನಡೆದದ್ದನ್ನು ಹೇಳಿದೆ, ಬಾಣದಿಂದ ಹಿಡಿದು. "ಅಂಕಲ್, ಅವ್ವಗ ಅವತ್ತs ಗೊತ್ತಾಗಿತ್ತು. ಅಂಗಡ್ಯಾಗ. ಪಾಪ, ಕಳಕೊಂಡಾನ, ಕೇಳಬ್ಯಾಡ ಅಂದಿದ್ಲು," ಎಂದ.

ಜುಲೈ 19, ಶನಿವಾರ

ತೇಜಸ್ ಹೊಸ ಕಂಪ್ಯೂಟರ್ ಸಿದ್ಧ ಮಾಡಿ ಕೊಟ್ಟ. ಕಳೆದ ಮೂರು ವರ್ಷದ್ದು ಹೋಯಿತು. ಉಳಿದ ಎಂಟು ವರ್ಷದ ಪ್ರತಿ ಈಗ ಇದರಲ್ಲೊಂದು, ಡ್ರೈವಿನಲ್ಲೊಂದು, ಕ್ಲೈಡ್ ನಾರ್ತ್‌ನಲ್ಲೊಂದು. ಪ್ರತಿ ತೆಗೆದ ಮೇಲೆ ಅದರಿಂದಲೇ ಒಂದು ಫೈಲ್ ತೆರೆದು ನೋಡಿ ಅಂಕಲ್, ತೆರೆದು ನೋಡದ ಬ್ಯಾಕಪ್ ಬ್ಯಾಕಪ್ಪೇ ಅಲ್ಲ ಎಂದ. ನನಗೇನೂ ಬೇಜಾರಾಗಲಿಲ್ಲ.

ಚನ್ನಮಲ್ಲಪ್ಪನವರ ಎಡಿಟಿಂಗಿಗೆ ಕೂತೆ. ಎಲ್ಲಿ ಕತ್ತರಿಸಬೇಕು ಎಂದು ಗೊತ್ತಾಗಲಿಲ್ಲ. ಸಾಫ್ಟ್‌ವೇರ್ ಹೊಸದು, ಅದಕ್ಕಿರಬಹುದು. ರೊಟ್ಟಿಯ ಜಾಗಕ್ಕೆ ಬಂದಾಗ ಅನಸೂಯ ಒಳಗೆ ಬಂದು ನಿಂತಳು, ಆಮೇಲೆ ಕೂತಳು, ಮೊದಲಿಂದ ಹಾಕಿ ಎಂದಳು. ಹಾಕಿದೆ. ರೊಟ್ಟಿಗೆ ನಕ್ಕು ನಕ್ಕು ಇನ್ನೊಮ್ಮೆ ಹಾಕಿ ಎಂದಳು. ಇನ್ನೊಮ್ಮೆ ಹಾಕಿದೆ. ಅಷ್ಟರಲ್ಲಿ ಅವಳಿಗೆ ತನ್ನ ಸೋದರತ್ತೆ ನೆನಪಾದಳು: ಮದ್ದೂರಿನ ಆ ಅತ್ತೆ ರೈಲು ಹತ್ತಿದ ಕೂಡಲೇ ಚಪ್ಪಲಿ ಬಿಚ್ಚಿ ಮಡಿಲಲ್ಲಿ ಇಟ್ಟುಕೊಳ್ಳುತ್ತಿದ್ದಳಂತೆ, ಬೋಗಿಯನ್ನು ಯಾರೋ ಗುಡಿಸಿದ್ದಾರೆ, ಕೊಳೆ ಮಾಡಬಾರದು ಎಂದು. ಒಮ್ಮೆ ಚಪ್ಪಲಿಯನ್ನು ಸೆರಗಿನ ಮಡಿಲಲ್ಲೇ ಮರೆತು ರೈಲಿನಿಂದ ಇಳಿಯಹೋದಳು. ಒಂದು ಪ್ಲಾಟ್‌ಫಾರಂಗೆ ಬಿತ್ತು, ಒಂದು ಹಳಿಗೆ. ಸ್ಟೇಷನ್ ಮಾಸ್ಟರ್ ಕೋಲಿನಿಂದ ಎತ್ತಿಕೊಟ್ಟನಂತೆ. ಮದುವೆಯಾಗಿ ಮೂವತ್ತು ವರ್ಷವಾಯಿತು, ಈ ಅತ್ತೆಯ ವಿಷಯ ಇವಳು ಹೇಳಿದ್ದೇ ಇಲ್ಲ. ಹೇಳಿದೆ ಎನ್ನುತ್ತಾಳೆ.

ಎಡಿಟಿಂಗ್ ಆಗಲಿಲ್ಲ. ರೊಟ್ಟಿಯಿಂದ ಮುಂದಕ್ಕೂ ಹೋಗಲಿಲ್ಲ.

ಜುಲೈ 26, ಶನಿವಾರ

ಕೊನೆಗೆ ಕತ್ತರಿಸದೆಯೇ ತಗೊಂಡು ಹೋದೆ. ವಾರವಿಡೀ ರಸ್ತೆಯಡಿ ಬ್ಲಾಕ್ ಆದ ಒಂದು ಮೋರಿಯ ಹಿಂದೆ ಓಡಾಡಿದೆ, ಪುರುಸೊತ್ತಾಗಲಿಲ್ಲ.

ಇಂದ್ರೇಶನ ಮನೆಯ ಹಾಲಿನಲ್ಲಿ ಅಜ್ಜನ ಫೋಟೋ, ಹೂವಿನ ಮಾಲೆ, ವಿಭೂತಿ. ಒಂದಷ್ಟು ಮನೆಗಳವರು ಬಂದಿದ್ದರು. ಪೂಜೆ, ಪ್ರಸಾದ, ಊಟ. ಊಟವಾದ ಮೇಲೆ ಇಂದ್ರೇಶ್ ಡ್ರೈವನ್ನು ಟಿವಿಗೆ ಹಾಕಿದ. ಮಕ್ಕಳು ಚಿತ್ರ ಬರುತ್ತದೆಂದು ಮುಂದೆ ಬಂದು ಕೂತವು. ಚಿತ್ರ ಬರಲಿಲ್ಲ; ಕುರ್ಚಿ ಎಳೆದ ಸದ್ದು ಬಂತು.

ಶಿವಲಿಂಗವ್ವನವರು ಸೋಫಾದ ತುದಿಯಲ್ಲಿ, ಸೆರಗನ್ನು ಮುಷ್ಟಿಯಲ್ಲಿ ಹಿಡಿದು ಕೂತಿದ್ದರು. ಗಂಡನ ಧ್ವನಿ ಬಂದಾಗ ಕದಲಲಿಲ್ಲ. "ಏನ ಉಣ್ಣೂದವಾ, ಬ್ರೆಡ್ಡು," ಎಂದಿತು ಟಿವಿ.

"ಸುಳ್ಳ ಹೇಳಬ್ಯಾಡ್ರಿ!"

ಇದು ಸೋಫಾದಿಂದ ಬಂತು. ಟಿವಿಯ ಅಡಿಗೆಮನೆಯಿಂದ ಅದೇ ಮಾತು ಬಂದದ್ದು ಆಮೇಲೆ. ಒಂದು ಮಗು ನಕ್ಕಿತು, ಆಮೇಲೆ ಎಲ್ಲರೂ. ಇಂದ್ರೇಶ್ ನಗುತ್ತ ಎದ್ದು ಕಿಟಕಿಯ ಕಡೆಗೆ ಹೋಗಿ ನಮಗೆ ಬೆನ್ನು ಮಾಡಿ ನಿಂತ.

ಅಲ್ಲಿಂದ ಮುಂದೆ ಅವರು ಬಿಡಲೇ ಇಲ್ಲ. ಅಜ್ಜ ಒಂದು ಹೇಳಿದರೆ ಇವರು ಒಂದು. ಕಾರ್ಖಾನೆಯ ಫೋರ್‌ಮನ್ ಒಳ್ಳೆಯವನಿದ್ದ ಎಂದರೆ "ನಿಮಗ ಎಲ್ಲಾರೂ ಒಳ್ಳ್ಯಾವರs", ಮೊದಲ ಮನೆಗೆ ದೊಡ್ಡ ಹಿತ್ತಲಿತ್ತು ಎಂದರೆ "ಹಿತ್ತಲಾ ನೋಡಿ ಮನಿ ತಗೊಂಡ್ರು, ಮನ್ಯಾಗ ನಲ್ಲಿ ಐತೋ ಇಲ್ಲೋ ನೋಡ್ಲಿಲ್ಲ." ಟಿವಿಯೊಳಗಿನವರೂ ನಡುನಡುವೆ ಅದನ್ನೇ ಹೇಳುತ್ತಿದ್ದರು. ಇಬ್ಬರು ಹೆಂಡಿರ ನಡುವೆ ಅಜ್ಜನಿಗೆ ಉಸಿರಾಡಲು ಆಗುವಂತಿರಲಿಲ್ಲ. ಅವರು ಸಿಕ್ಕಿಹಾಕಿಕೊಂಡಾಗಲೆಲ್ಲ "ಆತು ಬಿಡs" ಎನ್ನುತ್ತಿದ್ದರು.

ಕೊನೆಗೆ ಶ್ರೀದೇವಿಯವರ ಧ್ವನಿ ಹೇಳಿತು: "ಅಮ್ಮಾ, ಅಲ್ಲಿಂದs ಎಷ್ಟ ಕೂಗತೀರಿ, ಇಲ್ಲಿ ಬಂದ ಕೂಡ್ರಿ. ನಿಮಗೊಂದ ಕೇಳೂದೈತಿ."

"ನನಗೇನ ಕೇಳತಿ ಬಿಡವಾ."

ಆದರೆ ಬಳೆಯ ಸದ್ದು ಹತ್ತಿರ ಬರುತ್ತದೆ. ಇನ್ನೊಂದು ಕುರ್ಚಿ ಎಳೆದ ಸದ್ದು. ಆಗ ಒಬ್ಬ ಗಂಡಸಿನ ಧ್ವನಿ: "ಸಾಕು ಶ್ರೀದೇವಿ, ಟೈಮ್ ಆಯ್ತು." ಅಲ್ಲಿಗೆ ಮುಗಿಯಿತು.

ಅದು ಯಾರ ಧ್ವನಿ ಎಂದು ನನಗೆ ಕೂಡಲೇ ತಿಳಿಯಲಿಲ್ಲ. ಒರಟು ಧ್ವನಿ. ಅನಸೂಯ ನನ್ನ ಕಡೆ ನೋಡಿದಾಗ ತಿಳಿಯಿತು.

ಶಿವಲಿಂಗವ್ವನವರು ಟಿವಿಯನ್ನೇ ನೋಡುತ್ತಿದ್ದರು.

"ಏನ ಕೇಳಾಕ ಕರದಿದ್ಲೋ ಆ ಹುಡುಗಿ," ಎಂದರು.

"ಗೊತ್ತಿಲ್ಲಮ್ಮ," ಎಂದೆ.

"ಕೇಳಿ ನೋಡಪಾ."

ಹೊರಗೆ ಹೋಗಿ ಕಾರಿನ ಪಕ್ಕ ನಿಂತು ಶ್ರೀದೇವಿಯವರಿಗೆ ಫೋನ್ ಮಾಡಿದೆ. ಈ ಸಲ ಮೊದಲ ರಿಂಗಿಗೇ ತೆಗೆದರು. ನಡೆದದ್ದನ್ನು ಹೇಳಿ, ಆ ಪ್ರಶ್ನೆ ಏನಾದರೂ ನೆನಪಿದೆಯೇ ಎಂದು ಕೇಳಿದೆ.

"ಐತಿ," ಎಂದರು. "ಫೋನಿನ್ಯಾಗ ಬ್ಯಾಡ. ನಾನs ಬರತೀನಿ."

ಆಗಲೇ ಕ್ಷಮಿಸಿ ಎನ್ನೋಣ ಎಂದುಕೊಂಡೆ. ಬದಲಿಗೆ, ಏರ್‌ಪೋರ್ಟಿಗೆ ನಾನು ಬರ್ತೀನಿ ಎಂದೆ. ಅವರು ಹೂಂ ಎಂದರು.

ಆಗಸ್ಟ್ 9, ಶನಿವಾರ

ಶ್ರೀದೇವಿ ಮೊದಲ ಫ್ಲೈಟಿಗೆ ಬಂದಳು. ದಾರಿಯಲ್ಲಿ ತಮ್ಮ ಮನೆಯ ನೀರು ನಿಲ್ಲುವ ಮೂಲೆಗೆ ಕೌನ್ಸಿಲ್‌ನವರು ಬಂದು ಹೋದರೆಂದು ಹೇಳಿದಳು. ನೋಡಿ ಹೋಗಿದ್ದಾರೆ, ಅಷ್ಟೇ. ನೋಡಿದರಲ್ಲ, ಅದು ಮೊದಲ ಹಂತ ಎಂದೆ.

ಇಂದ್ರೇಶನ ಮನೆಯಲ್ಲಿ ಶಿವಲಿಂಗವ್ವನವರು ಇಳಕಲ್ ಸೀರೆ ಉಟ್ಟು ಸಿದ್ಧವಾಗಿದ್ದರು. ಶ್ರೀದೇವಿಯ ಕೂದಲು ನೋಡಿ "ಏನವಾ, ನನಗಿಂತ ಮುದುಕಿ ಆಗೀದಿ" ಎಂದರು. ಕುರ್ಚಿಗಳನ್ನು ನಾನು ಇಟ್ಟೆ. ರೆಕಾರ್ಡರ್ ಅವಳದ್ದೇ, ಹಳೆಯದು. ಅದನ್ನು ನನ್ನ ಕೈಗೆ ಕೊಟ್ಟಳು. ಕೆಂಪು ದೀಪ ಹತ್ತಿತು.

"ಅಮ್ಮಾ, ನಿಮಗ ಈ ದೇಶಕ್ಕ ಬರೂ ಮನಸ್ಸಿತ್ತೇನು?"

ಶಿವಲಿಂಗವ್ವನವರು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡರು, ಬಿಚ್ಚಿದರು. ಫೈಲಿನಲ್ಲಿ ಅಷ್ಟು ಹೊತ್ತು ಬರೀ ಫ್ರಿಜ್ಜಿನ ಸದ್ದು ಇದೆ, ಒಮ್ಮೆ ಹೊರಗೆ ಒಂದು ಮ್ಯಾಗ್‌ಪೈ ಹಕ್ಕಿ ಕೂಗುತ್ತದೆ. ಇರಲಿ.

"ಇರ್ಲಿಲ್ಲವಾ," ಎಂದರು. "ನಾ ವಿಮಾನದಾಗ ಬಂದೆ. ಮನಸ್ಸು ಹುಬ್ಬಳ್ಳ್ಯಾಗ ಉಳೀತು. ಆಮ್ಯಾಲೆ ಸಾವಕಾಶ ಬಂತು, ಹಡಗಿನ್ಯಾಗ ಕಳಿಸಿದ ಪಾತ್ರಿ ಬಂದಂಗ."

"ಎಷ್ಟ ದಿನಾ ಹಿಡೀತ್ರಿ?"

"ಇವ ಸಾಲಿಗೆ ಹೋಗೂ ಮಟಾ. ಒಂದಿನ ಇವನ್ನ ಸಾಲಿಗೆ ಬಿಟ್ಟು ಮನಿಗೆ ಬರೂ ಮುಂದ, ಮನಿಗೆ ಹೊಂಟೀನಿ ಅನಿಸ್ತು. ಅಲ್ಲೀ ಮಟಾ ಆ ಮನಿಗೆ ಮನಿ ಅಂದಿದ್ದಿಲ್ಲ ನಾ. ರಸ್ತಾದಾಗs ನಿಂತಬಿಟ್ಟೆ."

ಇಂದ್ರೇಶ್ ಚಹಾದ ಟ್ರೇ ಹಿಡಿದು ಬಾಗಿಲಲ್ಲೇ ನಿಂತಿದ್ದ. "ಅವ್ವಾ, ಯು ನೆವರ್ ಟೋಲ್ಡ್ ಮಿ ದಿಸ್."

"ನಿಮ್ಮಪ್ಪಗೂ ಹೇಳಿದ್ದಿಲ್ಲ."

ಚಹಾ ತಗೊಂಡು ಒಂದು ಗುಟುಕು ಕುಡಿದರು. ಸಕ್ಕರೆ ಸಾಲದು ಎಂದರು. ಇಂದ್ರೇಶ್ ಸಕ್ಕರೆ ತರಲು ಹೋದ. ಅವನು ತಂದು ಹಾಕುವವರೆಗೆ ಕಾದು, ಕಲಕಿ, ಇನ್ನೊಂದು ಗುಟುಕು ಕುಡಿದು, ಶ್ರೀದೇವಿಯ ಕಡೆಗೆ ಕುರ್ಚಿಯನ್ನು ತುಸು ಎಳೆದುಕೊಂಡರು.

"ಹೂಂ. ಮುಂದಿಂದ ಕೇಳವಾ."